ವಿಷಮಶೀತಜ್ವರದ ಚರಿತ್ರೆಯಲ್ಲಿ ಔಷಧ, ರೋಗಾಣು ಮತ್ತು ಎಣಿಕೆಗೆ ಬಾರದ ಮಕ್ಕಳು

೧

ರೋಗಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಔಷಧಗಳ ವಿಜಯವನ್ನೇ ಬರೆಯುತ್ತಾರೆ. ಇಂಥ ವರ್ಷದಲ್ಲಿ ಇಂಥ ವಿದ್ವಾಂಸನು ರೋಗಾಣುವನ್ನು ಕಂಡನು, ಇಂಥ ವರ್ಷದಲ್ಲಿ ಅದಕ್ಕೆ ತಕ್ಕ ಔಷಧವು ದೊರೆಯಿತು, ಅಲ್ಲಿಂದ ಮುಂದೆ ಮರಣಗಳು ಇಳಿದುವು ಎಂಬಲ್ಲಿಗೆ ಅಧ್ಯಾಯವು ಮುಗಿಯುತ್ತದೆ. ಟೈಫಾಯ್ಡ್ ಎಂದು ಎಲ್ಲರೂ ಕರೆಯುವ ವಿಷಮಶೀತಜ್ವರವು ಈ ಮಾದರಿಗೆ ಒಗ್ಗುವ ರೋಗವಲ್ಲ. ಅದರ ಔಷಧದ ಚರಿತ್ರೆಯು ೧೯೪೮ರಲ್ಲಿ ಒಂದು ದೊಡ್ಡ ಗೆಲುವಿನಿಂದ ಪ್ರಾರಂಭವಾಗಿ, ಆಮೇಲಿನ ಏಳು ದಶಕಗಳಲ್ಲಿ ಒಂದರ ಹಿಂದೆ ಒಂದರಂತೆ ಔಷಧಗಳು ಸೋತ ಕಥೆಯಾಗಿ ಮುಂದುವರಿದಿದೆ. ಈ ಸೋಲಿನ ಬೆಲೆಯನ್ನು ಹೆಚ್ಚಾಗಿ ತೆತ್ತವರು ಮಕ್ಕಳು. ಅವರಲ್ಲಿಯೂ ಐದು ವರ್ಷ ತುಂಬದ ಎಳೆಯರು ಬಹುಕಾಲ ಯಾರ ಎಣಿಕೆಗೂ ಬರಲಿಲ್ಲ.

ಈ ಲೇಖನದಲ್ಲಿ ನಾವು ಎರಡು ವಿಷಯಗಳನ್ನು ವಿವೇಚಿಸಬೇಕೆಂದಿದ್ದೇವೆ. ಮೊದಲನೆಯದು, ಈ ರೋಗಾಣುವು ತನ್ನ ಔಷಧ ಪ್ರತಿರೋಧದ ಬಹುಭಾಗವನ್ನು ಎಲ್ಲಿಂದ ಪಡೆಯಿತು ಎಂಬುದು. ಎರಡನೆಯದು, ರೋಗಿಗಳ ಲೆಕ್ಕದಿಂದ ಎಳೆಯ ಮಕ್ಕಳು ಏಕೆ ಜಾರಿಹೋದರು ಎಂಬುದು. ಬೇರೆ ಬೇರೆಯಾಗಿ ಕಾಣುವ ಈ ಎರಡು ಪ್ರಶ್ನೆಗಳು ಕೊನೆಯಲ್ಲಿ ಒಂದೇ ಊರಿನಲ್ಲಿ, ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ, ಸಂಧಿಸುವುದನ್ನು ಮುಂದೆ ನೋಡಲಿದ್ದೇವೆ.

ಮೊದಲಿಗೆ ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಸಾಲ್ಮೊನೆಲ್ಲ ಟೈಫಿ ಎಂಬ ಈ ಬ್ಯಾಕ್ಟೀರಿಯಕ್ಕೆ ಮನುಷ್ಯನಲ್ಲದೆ ಬೇರೆ ಆಶ್ರಯವಿಲ್ಲ. ರೋಗಿಯ ಮಲದಿಂದ ಹೊರಬಿದ್ದು, ನೀರಿನ ಅಥವಾ ಆಹಾರದ ಮೂಲಕ ಇನ್ನೊಬ್ಬನ ಹೊಟ್ಟೆಯನ್ನು ಸೇರುವುದು ಅದರ ದಾರಿ. ಆದರೆ ಸಾಮಾನ್ಯ ಭೇದಿಯ ರೋಗಾಣುಗಳಂತೆ ಅದು ಕರುಳಿನಲ್ಲಿಯೇ ನಿಲ್ಲುವುದಿಲ್ಲ. ಸಣ್ಣಕರುಳಿನ ಗೋಡೆಯನ್ನು ದಾಟಿ, ರಕ್ತವನ್ನು ಹೊಕ್ಕು, ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳಲ್ಲಿ ನೆಲೆಸಿ, ಪಿತ್ತಕೋಶದ ಮೂಲಕ ಪುನಃ ಕರುಳಿಗೆ ಬರುತ್ತದೆ. ಆದುದರಿಂದ ವಿಷಮಶೀತಜ್ವರವು ಕರುಳಿನಿಂದ ಹೊರಟರೂ ನಿಜದಲ್ಲಿ ರಕ್ತದ ಸೋಂಕು. ಕರುಳಿಗೂ ರಕ್ತಕ್ಕೂ ಇರುವ ಈ ಉಭಯ ಸಂಬಂಧವೇ ಮುಂದಿನ ಚರಿತ್ರೆಯ ಕೀಲಿಕೈ.

೨

ಟೈಫಸ್ ಎಂಬ ಬೇರೊಂದು ಜ್ವರದೊಡನೆ ಬೆರೆತುಹೋಗಿದ್ದ ಈ ರೋಗಕ್ಕೆ ೧೮೨೯ರಲ್ಲಿ ಪ್ಯಾರಿಸಿನ ವೈದ್ಯ ಪಿಯೆರ್ ಲೂಯಿ ಟೈಫಾಯ್ಡ್ ಎಂಬ ಹೆಸರನ್ನು ಬಳಕೆಗೆ ತಂದನು. ಇಂಗ್ಲೆಂಡಿನ ಡೆವನ್ ಪ್ರದೇಶದ ಹಳ್ಳಿಯೊಂದರಲ್ಲಿ ವೈದ್ಯನಾಗಿದ್ದ ವಿಲಿಯಂ ಬಡ್ಡನು, ರೋಗವು ಮನೆಯಿಂದ ಮನೆಗೆ ಹೋಗುವ ಬಗೆಯನ್ನು ಗಮನಿಸಿ, ಅದರ ಬೀಜವು ರೋಗಿಯ ಮಲದಲ್ಲಿದೆಯೆಂದು ವಾದಿಸಿದನು. ಅವನ ಗ್ರಂಥವು ೧೮೭೩ರಲ್ಲಿ ಪ್ರಕಟವಾಯಿತು. ರೋಗಾಣುವನ್ನು ಯಾರೂ ಕಾಣದಿದ್ದ ಕಾಲದಲ್ಲಿ ಅವನು ಈ ನಿರ್ಣಯಕ್ಕೆ ಬಂದನೆಂಬುದು ಸ್ಮರಣೀಯ. ಕಾರ್ಲ್ ಎಬೆರ್ತನು ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡುದು ೧೮೮೦ರಲ್ಲಿ. ಗೆಯೋರ್ಗ್ ಗಾಫ್ಕಿಯು ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದುದು ೧೮೮೪ರಲ್ಲಿ. ೧೮೯೬ರಲ್ಲಿ ಫ್ರಾನ್ಸಿನ ಫೆರ್ನಾನ್ ವಿಡಾಲನ ರಕ್ತಪರೀಕ್ಷೆಯೂ, ಇಂಗ್ಲೆಂಡಿನ ಆಲ್ಮ್ರೋತ್ ರೈಟನ ಲಸಿಕೆಯೂ ಪ್ರಕಟವಾದುವು.

ರೈಟನು ತನ್ನ ಲಸಿಕೆಯನ್ನು ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಹಾಕಿಸಿದನು. ಏಕೆಂದರೆ ಅಂದಿನ ವಸಾಹತು ವೈದ್ಯರ ದೃಷ್ಟಿಯಲ್ಲಿ ಭಾರತದ ವಿಷಮಶೀತಜ್ವರವೆಂದರೆ ಹೊಸದಾಗಿ ಹಡಗಿನಿಂದಿಳಿದ ಯುರೋಪಿಯನ್ ತರುಣರ ರೋಗ. ಈ ನೆಲದವರಿಗೆ ಅದು ತಗಲುವುದು ಅಪೂರ್ವವೆಂಬ ನಂಬಿಕೆಯು ಬಹುಕಾಲ ಬಲವಾಗಿತ್ತು. ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸ್ ಮೊದಲಾದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತೀಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅವರಲ್ಲಿಯೂ ರೋಗವಿರುವುದನ್ನು ತೋರಿಸಿದ ಮೇಲೆ ಆ ನಂಬಿಕೆಯು ಸಡಿಲವಾಯಿತು. ವಯಸ್ಕರಲ್ಲಿ ರೋಗವು ವಿರಳವಾಗಿ ಕಾಣುವುದಕ್ಕೆ ಅವರು ಬಾಲ್ಯದಲ್ಲಿಯೇ ಅದನ್ನು ಅನುಭವಿಸಿ ಬದುಕಿ ಉಳಿದುದು ಕಾರಣವಿರಬಹುದು ಎಂಬ ವಿವರಣೆಯೂ ಹುಟ್ಟಿತು. ಆ ವಿವರಣೆಯ ಒಡಲಲ್ಲಿಯೇ ಇನ್ನೊಂದು ಪ್ರಶ್ನೆಯಿತ್ತು: ಬಾಲ್ಯದಲ್ಲಿ ಅನುಭವಿಸಿ ಬದುಕದವರು ಎಷ್ಟು ಮಂದಿ? ಆ ಪ್ರಶ್ನೆಯನ್ನು ಆಗ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಎಣಿಸಿದವರು ದಂಡಿನ ವೈದ್ಯರು, ಎಣಿಸಲ್ಪಟ್ಟವರು ದಂಡಿನವರು.

ಇದೇ ಕಾಲದಲ್ಲಿ ಯುರೋಪು, ಅಮೆರಿಕಗಳ ನಗರಗಳು ಔಷಧವಿಲ್ಲದೆಯೇ ಈ ರೋಗವನ್ನು ಬಹುಮಟ್ಟಿಗೆ ಹಿಂದಟ್ಟಿದುವು. ಮರಳಿನ ಸೋಸುಗಟ್ಟೆಗಳು, ಒಳಚರಂಡಿಗಳು, ೧೯೦೮ರಲ್ಲಿ ಅಮೆರಿಕದ ಜರ್ಸಿ ನಗರದಲ್ಲಿ ಪ್ರಾರಂಭವಾದ ಹಾಗೆ ಕುಡಿಯುವ ನೀರಿಗೆ ನಿತ್ಯವೂ ಕ್ಲೋರಿನ್ ಬೆರೆಸುವ ಕ್ರಮ, ಇವು ಆ ಕಾರ್ಯವನ್ನು ಸಾಧಿಸಿದುವು. ಕ್ಲೋರಾಂಫೆನಿಕಾಲ್ ಬರುವ ವೇಳೆಗೆ ಆ ನಗರಗಳಲ್ಲಿ ರೋಗವು ಆಗಲೇ ಕ್ಷೀಣಿಸಿತ್ತು. ನಮ್ಮ ಭಾಗದ ಊರುಗಳಲ್ಲಿ ಕ್ರಮವು ತಲೆಕೆಳಗಾಯಿತು. ಇಲ್ಲಿ ಮೊದಲು ಬಂದುದು ಮಾತ್ರೆ. ಶುದ್ಧವಾದ ನೀರು ಬಹುಕಡೆ ತಡವಾಗಿ ಬಂದಿತು.

೩

ಕ್ಲೋರಾಂಫೆನಿಕಾಲ್ ೧೯೪೭ರಲ್ಲಿ ದೊರೆತ ಔಷಧ. ವೆನಿಜುವೆಲ ದೇಶದ ಕರಾಕಸ್ ನಗರದ ಸಮೀಪದ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಜಾತಿಯ ಸೂಕ್ಷ್ಮಜೀವಿಯೊಂದು ಅದರ ಮೂಲ. ಎರಡು ವರ್ಷಗಳಲ್ಲಿಯೇ ಅದನ್ನು ರಾಸಾಯನಿಕ ಕ್ರಮದಿಂದ ತಯಾರಿಸುವ ವಿಧಾನವೂ ಸಿದ್ಧವಾಯಿತು. ಆದರೆ ಅದು ವಿಷಮಶೀತಜ್ವರಕ್ಕೆ ಔಷಧವೆಂದು ತಿಳಿದುದು ಆಕಸ್ಮಿಕವಾಗಿ. ೧೯೪೮ರಲ್ಲಿ ಥಿಯೊಡೋರ್ ವುಡ್‌ವರ್ಡ್, ಜೋಸೆಫ್ ಸ್ಮೇಡೆಲ್ ಮೊದಲಾದ ಅಮೆರಿಕನ್ ವೈದ್ಯರು ಮಲಯದ ಕೌಲಾಲಂಪುರದಲ್ಲಿ ಸ್ಕ್ರಬ್ ಟೈಫಸ್ ಎಂಬ ಜ್ವರಕ್ಕೆ ಈ ಔಷಧವನ್ನು ಪ್ರಯೋಗಿಸುತ್ತಿದ್ದರು. ಅವರ ರೋಗಿಗಳಲ್ಲಿ ವಿಷಮಶೀತಜ್ವರದವರೂ ಇದ್ದರೆಂಬುದು ಬಳಿಕ ತಿಳಿಯಿತು, ಅವರೂ ಗುಣಹೊಂದಿದರು. ಹತ್ತು ಮಂದಿ ರೋಗಿಗಳ ವೃತ್ತಾಂತವನ್ನು ಅದೇ ವರ್ಷ ಪ್ರಕಟಿಸಲಾಯಿತು. ಮೂರು ನಾಲ್ಕು ವಾರ ಬಿಡದೆ ಕಾಯುತ್ತಿದ್ದ ಜ್ವರವು ಸುಮಾರು ಮೂರೂವರೆ ದಿನಗಳಲ್ಲಿ ಇಳಿದಿತ್ತು.

ಮನೆಯವರು ರೋಗಿಯ ಮಗ್ಗುಲಲ್ಲಿ ಕುಳಿತು ಮೂರನೆಯ ವಾರವನ್ನು ಭಯದಿಂದ ಎದುರುನೋಡುತ್ತಿದ್ದ ಕಾಲವನ್ನು ಕಂಡವರಿಗೆ ಇದು ಪವಾಡದಂತೆಯೇ ತೋರಿರಬೇಕು. ನೂರರಲ್ಲಿ ಹತ್ತಕ್ಕೂ ಮೀರಿದ್ದ ಮರಣ ಪ್ರಮಾಣವು ಚಿಕಿತ್ಸೆ ದೊರೆತವರಲ್ಲಿ ಒಂದೆರಡಕ್ಕೆ ಇಳಿಯಿತು. ಔಷಧವು ಅಗ್ಗವಾಗಿತ್ತು, ಬಾಯಿಂದ ನುಂಗುವಂಥದಾಗಿತ್ತು. ಆದರೂ ಈ ಗೆಲುವಿನಲ್ಲಿ ಎರಡು ಬಿರುಕುಗಳು ಬೇಗನೆ ಕಾಣಿಸಿಕೊಂಡುವು.

ಒಂದನೆಯದಾಗಿ, ೧೯೫೦ರಲ್ಲಿಯೇ, ಎಂದರೆ ಎರಡು ವರ್ಷಗಳೊಳಗಾಗಿ, ಈ ಔಷಧಕ್ಕೆ ಬಗ್ಗದ ವಿಷಮಶೀತಜ್ವರದ ರೋಗಾಣುವು ಇಂಗ್ಲೆಂಡಿನಲ್ಲಿ ವರದಿಯಾಯಿತು. ಅದು ಒಂಟಿ ಘಟನೆಯೆಂದು ಭಾವಿಸಲಾಯಿತು. ಎರಡನೆಯದಾಗಿ, ಔಷಧವು ಎಳೆಯ ಶಿಶುಗಳಿಗೆ ಅಪಾಯಕಾರಿಯೆಂಬುದು ೧೯೫೯ರಲ್ಲಿ ಸ್ಪಷ್ಟವಾಯಿತು. ನವಜಾತ ಶಿಶುವಿನ ಯಕೃತ್ತು ಆ ಔಷಧವನ್ನು ಪರಿವರ್ತಿಸಿ ಹೊರಹಾಕುವಷ್ಟು ಪಕ್ವವಾಗಿರುವುದಿಲ್ಲ. ಅದು ರಕ್ತದಲ್ಲಿ ಶೇಖರವಾಗಿ, ಮಗುವಿನ ಮೈಬಣ್ಣವು ಬೂದಿಯಂತಾಗಿ, ರಕ್ತದ ಒತ್ತಡವು ಕುಸಿದು ಪ್ರಾಣಕ್ಕೆ ಬರುತ್ತದೆ. ದೊಡ್ಡವರ ಅಳತೆಯಿಂದ ಸಿದ್ಧವಾದ ಚಿಕಿತ್ಸೆಯನ್ನು ಎಳೆಯರಿಗೆ ಹಾಗೆಯೇ ಅನ್ವಯಿಸಲಾಗದೆಂಬ ಪಾಠವನ್ನು ಈ ಶಿಶುಗಳು ತಮ್ಮ ಪ್ರಾಣವನ್ನು ತೆತ್ತು ಕಲಿಸಿದುವು.

೪

ಔಷಧ ಪ್ರತಿರೋಧದ ಮೂಲವನ್ನು ತಿಳಿಯಲು ನಾವು ಇಲ್ಲಿ ಸ್ವಲ್ಪ ಹಿಂದಕ್ಕೆ ಸರಿದು, ವಿಷಮಶೀತಜ್ವರವನ್ನು ಬಿಟ್ಟು ಅದರ ನೆರೆಹೊರೆಯನ್ನು ನೋಡಬೇಕಾಗುತ್ತದೆ. ೧೮೮೫ರಲ್ಲಿ ಥಿಯೊಡೋರ್ ಎಷೆರಿಖ್ ಎಂಬ ಮಕ್ಕಳ ವೈದ್ಯನು ಮ್ಯೂನಿಕ್ ನಗರದಲ್ಲಿ ಶಿಶುಗಳ ಮಲವನ್ನು ಪರೀಕ್ಷಿಸುತ್ತ, ಆರೋಗ್ಯವಂತ ಮಗುವಿನ ಕರುಳಿನಲ್ಲಿಯೂ ಸಹಜವಾಗಿ ನೆಲೆಸುವ ಬ್ಯಾಕ್ಟೀರಿಯವೊಂದನ್ನು ವರ್ಣಿಸಿದನು. ಈಗ ಅವನ ಹೆಸರಿನಿಂದಲೇ ಎಷರೀಕಿಯ ಕೋಲಿ, ಸಂಕ್ಷೇಪವಾಗಿ ಈ ಕೋಲಿ, ಎಂದು ಕರೆಯಲ್ಪಡುವ ಈ ಜೀವಿಯು ಬಹುಮಟ್ಟಿಗೆ ನಿರುಪದ್ರವಿ. ಆಮಶಂಕೆಯ ಶಿಗೆಲ್ಲ, ವಿಷಮಶೀತಜ್ವರದ ಸಾಲ್ಮೊನೆಲ್ಲ ಇವೆಲ್ಲವೂ ಅದರ ಸಮೀಪದ ಬಂಧುಗಳು.

ಎರಡನೆಯ ಮಹಾಯುದ್ಧದ ಬಳಿಕ ಜಪಾನಿನಲ್ಲಿ ಆಮಶಂಕೆಯು ಪ್ರಬಲವಾಗಿತ್ತು. ೧೯೫೫ರಲ್ಲಿ ಹಾಂಗ್‌ಕಾಂಗಿನಿಂದ ಹಿಂದಿರುಗಿದ ರೋಗಿಯೊಬ್ಬಳಲ್ಲಿ ಏಕಕಾಲದಲ್ಲಿ ಹಲವು ಔಷಧಗಳಿಗೆ ಬಗ್ಗದ ಶಿಗೆಲ್ಲ ಕಂಡುಬಂದಿತು. ಅನಂತರದ ವರ್ಷಗಳಲ್ಲಿ ಅಂಥ ರೋಗಾಣುಗಳು ಹೆಚ್ಚಿದುವು. ಜಪಾನಿನ ವಿದ್ವಾಂಸರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು: ಒಬ್ಬನೇ ರೋಗಿಯ ಕರುಳಿನಲ್ಲಿ ಔಷಧಕ್ಕೆ ಬಗ್ಗುವ ಶಿಗೆಲ್ಲವೂ ಬಗ್ಗದ ಶಿಗೆಲ್ಲವೂ ಒಟ್ಟಿಗೆ ಇರುತ್ತಿದ್ದುವು, ಅದೇ ಔಷಧಗಳಿಗೆ ಬಗ್ಗದ ಈ ಕೋಲಿಯೂ ಜೊತೆಗಿರುತ್ತಿದ್ದಿತು. ೧೯೫೯ರಲ್ಲಿ ಒಚಿಯಾಯಿ, ಅಕಿಬಾ ಮೊದಲಾದವರು ಈ ಎರಡು ಜಾತಿಗಳನ್ನು ಒಂದೇ ಪಾತ್ರೆಯಲ್ಲಿ ಬೆಳೆಸಿ, ಪ್ರತಿರೋಧವು ಒಂದರಿಂದ ಇನ್ನೊಂದಕ್ಕೆ ದಾಟುವುದನ್ನು ತೋರಿಸಿಕೊಟ್ಟರು. ತ್ಸುತೋಮು ವಟನಾಬೆ ೧೯೬೩ರಲ್ಲಿ ಇಂಗ್ಲಿಷಿನಲ್ಲಿ ಬರೆದ ವಿಸ್ತಾರವಾದ ಸಮೀಕ್ಷೆಯ ಮೂಲಕ ಈ ಸಂಗತಿಯು ಪ್ರಪಂಚಕ್ಕೆ ಚೆನ್ನಾಗಿ ಪರಿಚಯವಾಯಿತು.

ಇದರ ಅರ್ಥವು ಗಂಭೀರವಾದುದು. ಆ ವರೆಗೆ ಬ್ಯಾಕ್ಟೀರಿಯವು ತನ್ನ ಗುಣಗಳನ್ನು ತನ್ನ ಸಂತಾನಕ್ಕೆ ಮಾತ್ರ ಕೊಡುತ್ತದೆಂದೂ, ಪ್ರತಿರೋಧವು ಅಪೂರ್ವವಾದ ಮಾರ್ಪಾಟಿನಿಂದ ಹುಟ್ಟಿ ಆ ಒಂದು ವಂಶದಲ್ಲಿ ಉಳಿಯುತ್ತದೆಂದೂ ಭಾವಿಸಲಾಗಿತ್ತು. ಈಗ ಪ್ರತಿರೋಧವು ಆಸ್ತಿಯಂತೆ ತಂದೆಯಿಂದ ಮಗನಿಗೆ ಬರುವುದಷ್ಟೇ ಅಲ್ಲದೆ, ನೆರೆಮನೆಯಿಂದ ಎರವಲಾಗಿಯೂ ಬರುವುದೆಂದು ತಿಳಿಯಿತು. ವರ್ಣತಂತುವಿನಿಂದ ಪ್ರತ್ಯೇಕವಾಗಿ ಉಳಿಯುವ, ಉಂಗುರದಾಕಾರದ ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ತುಣುಕು ಆ ಎರವಲಿನ ವಾಹನ. ಒಂದೇ ಪ್ಲಾಸ್ಮಿಡ್ ನಾಲ್ಕೈದು ಔಷಧಗಳಿಗೆ ಪ್ರತಿರೋಧವನ್ನು ಒಟ್ಟಿಗೆ ಹೊತ್ತು ತರಬಲ್ಲುದು. ಹೀಗಾದ ಮೇಲೆ ಯಾವ ಕಾಯಿಲೆಗಾಗಿ ಔಷಧವನ್ನು ಕೊಟ್ಟರೂ, ಅದು ಕರುಳಿನ ನಿರುಪದ್ರವಿ ಜೀವಿಗಳನ್ನು ಪ್ರತಿರೋಧದ ಉಗ್ರಾಣವನ್ನಾಗಿ ಮಾಡುವ ಸಂಭವವಿದೆ. ಆ ಉಗ್ರಾಣದ ಬಾಗಿಲಲ್ಲಿ ಒಂದು ದಿನ ವಿಷಮಶೀತಜ್ವರದ ರೋಗಾಣುವೂ ಬಂದು ನಿಲ್ಲುವುದು.

೧೯೭೨ರಲ್ಲಿ ಅದು ಬಂದು ನಿಂತಿತು. ಆ ವರ್ಷ ಮೆಕ್ಸಿಕೋ ದೇಶದಲ್ಲಿ ಕ್ಲೋರಾಂಫೆನಿಕಾಲಿಗೆ ಬಗ್ಗದ ವಿಷಮಶೀತಜ್ವರವು ಹರಡಿ, ರೋಗಿಗಳ ಸಂಖ್ಯೆಯು ಹತ್ತು ಸಾವಿರವನ್ನು ಮೀರಿತು. ಅದೇ ವರ್ಷ ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಿಂದ ಪಣಿಕ್ಕರ್ ಮತ್ತು ವಿಮಲಾ ಎಂಬ ಸಂಶೋಧಕರು, ಅಲ್ಲಿ ದೊರೆತ ರೋಗಾಣುವಿನ ಪ್ರತಿರೋಧವು ಇತರ ಬ್ಯಾಕ್ಟೀರಿಯಗಳಿಗೆ ದಾಟಬಲ್ಲುದೆಂದು ವರದಿ ಮಾಡಿದರು. ಮೆಕ್ಸಿಕೋವಿಗೂ ಕಲ್ಲಿಕೋಟೆಗೂ ನಡುವೆ ಸಾಗರಗಳಿವೆ. ಆದರೆ ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಔಷಧ ಮತ್ತು ಮಲಿನವಾದ ನೀರು ಎರಡೂ ಕಡೆ ಇದ್ದುವು.

೫

ಕ್ಲೋರಾಂಫೆನಿಕಾಲಿನ ಬಳಿಕ ವೈದ್ಯರು ಆಂಪಿಸಿಲಿನ್ ಮತ್ತು ಕೋಟ್ರೈಮೊಕ್ಸಜೋಲ್ ಔಷಧಗಳನ್ನು ಆಶ್ರಯಿಸಿದರು. ೧೯೮೦ರ ದಶಕದ ಕೊನೆಯ ಹೊತ್ತಿಗೆ ಈ ಮೂರಕ್ಕೂ ಒಟ್ಟಿಗೆ ಬಗ್ಗದ ರೋಗಾಣುಗಳು ಭಾರತ ಉಪಖಂಡದಲ್ಲಿಯೂ ಆಗ್ನೇಯ ಏಷ್ಯದಲ್ಲಿಯೂ ಹರಡಿದುವು. ಸಾಮಾನ್ಯವಾಗಿ ಮೂರು ಪ್ರತಿರೋಧಗಳೂ ಒಂದೇ ಪ್ಲಾಸ್ಮಿಡ್ಡಿನಲ್ಲಿದ್ದುವು. ಆಮೇಲೆ ಬಂದುದು ಸಿಪ್ರೊಫ್ಲಾಕ್ಸಸಿನ್. ಎಳೆಯ ಪ್ರಾಣಿಗಳ ಕೀಲುಗಳಿಗೆ ಅದು ಹಾನಿ ಮಾಡಿದುದು ಪ್ರಯೋಗಗಳಲ್ಲಿ ಕಂಡುದರಿಂದ ಮಕ್ಕಳಿಗೆ ಅದನ್ನು ಕೊಡಲು ವೈದ್ಯರು ಬಹುಕಾಲ ಹಿಂಜರಿದರು; ಬೇರೆ ದಾರಿಯಿಲ್ಲದಾದಾಗ ಕೊಟ್ಟರು. ೧೯೯೦ರ ದಶಕದಲ್ಲಿ ಅದರ ಶಕ್ತಿಯೂ ಕುಂದತೊಡಗಿತು. ಈ ಸಂದರ್ಭದಲ್ಲಿ ಒಂದು ಭೇದವನ್ನು ಗಮನಿಸಬೇಕು. ಸಿಪ್ರೊಫ್ಲಾಕ್ಸಸಿನ್‌ಗೆ ಬಂದ ಪ್ರತಿರೋಧವು ಮುಖ್ಯವಾಗಿ ಎರವಲಿನದಲ್ಲ. ರೋಗಾಣುವಿನ ಸ್ವಂತ ವರ್ಣತಂತುವಿನಲ್ಲಾದ ಮಾರ್ಪಾಟಿನ ಫಲ. ಎಂದರೆ ಈ ರೋಗಾಣುವಿಗೆ ಎರಡು ದಾರಿಗಳಿವೆ: ಇರುವುದನ್ನು ತಿದ್ದಿಕೊಳ್ಳುವುದು, ಇಲ್ಲದುದನ್ನು ಎರವಲು ತರುವುದು.

೨೦೧೫ರಲ್ಲಿ ಪ್ರಕಟವಾದ ಅಧ್ಯಯನವೊಂದು ೬೩ ದೇಶಗಳ ೧,೮೩೨ ರೋಗಾಣು ಮಾದರಿಗಳ ಸಂಪೂರ್ಣ ಜೀನ್ ರಚನೆಯನ್ನು ಹೋಲಿಸಿತು. ಅವುಗಳಲ್ಲಿ ಸುಮಾರು ಅರ್ಧದಷ್ಟು ಹೆಚ್–೫೮ ಎಂಬ ಒಂದೇ ವಂಶಕ್ಕೆ ಸೇರಿದುವು. ಆ ವಂಶವು ದಕ್ಷಿಣ ಏಷ್ಯದಿಂದ ಹೊರಟು ಕೆಲವೇ ದಶಕಗಳಲ್ಲಿ ಏಷ್ಯ, ಆಫ್ರಿಕ ಖಂಡಗಳಲ್ಲಿ ಹಬ್ಬಿತ್ತು. ರಾಜವಂಶಗಳ ವಂಶಾವಳಿಯನ್ನು ಶಾಸನಗಳಿಂದ ಕಟ್ಟುವ ಇತಿಹಾಸಕಾರನಿಗೆ ಈ ವಿಧಾನವು ಅಪರಿಚಿತವೆನಿಸದು. ಇಲ್ಲಿ ಶಾಸನವು ರೋಗಾಣುವಿನ ಒಡಲಲ್ಲಿಯೇ ಬರೆದಿರುತ್ತದೆ.

ಈ ನಡುವೆ ಮಕ್ಕಳ ಪ್ರಶ್ನೆಯು ಏನಾಯಿತು? ಬಾಲ್ಯದಲ್ಲಿ ರೋಗವು ಸಾಮಾನ್ಯವೆಂದು ಬಹಳ ಹಿಂದೆಯೇ ಊಹಿಸಲಾಗಿದ್ದರೂ, ಅದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ರೋಗವೆಂದೂ ಐದು ವರ್ಷದೊಳಗಿನವರಲ್ಲಿ ವಿರಳವೆಂದೂ ಪಠ್ಯಗಳು ಹೇಳುತ್ತಿದ್ದುವು. ಈ ಅಭಿಪ್ರಾಯಕ್ಕೆ ಆಧಾರವು ಆಸ್ಪತ್ರೆಗೆ ಬಂದವರ ಲೆಕ್ಕ. ಆದರೆ ಎಳೆಯ ಮಗುವಿನಲ್ಲಿ ಈ ರೋಗವು ಪುಸ್ತಕದಲ್ಲಿ ವರ್ಣಿಸಿದಂತೆ ಬರುವುದಿಲ್ಲ. ಬರಿಯ ಜ್ವರ, ಒಮ್ಮೆ ಭೇದಿ, ಒಮ್ಮೆ ಕೆಮ್ಮು. ತಾಯಿಗೆ ಅದು ಹಲ್ಲು ಬರುವ ಜ್ವರವೆಂದೇ ತೋರಬಹುದು. ನಿಶ್ಚಯವಾಗಿ ತಿಳಿಯಬೇಕಾದರೆ ರಕ್ತವನ್ನು ತೆಗೆದು ಪೋಷಕದ್ರವದಲ್ಲಿಟ್ಟು ರೋಗಾಣುವನ್ನು ಬೆಳೆಸಿ ನೋಡಬೇಕು. ಎಳೆಯ ಮಗುವಿನಿಂದ ತೆಗೆಯಬಹುದಾದ ರಕ್ತವು ಸ್ವಲ್ಪ. ಮೊದಲೇ ಮಾತ್ರೆಯನ್ನು ನುಂಗಿಸಿದ್ದರೆ ಆ ಸ್ವಲ್ಪದಲ್ಲಿಯೂ ರೋಗಾಣುವು ಬೆಳೆಯದು.

ದೆಹಲಿಯ ಕಾಲ್ಕಾಜಿ ಪ್ರದೇಶದ ಬಡ ವಸತಿಯಲ್ಲಿ ೧೯೯೫–೯೬ರಲ್ಲಿ ನಡೆದ ಅಧ್ಯಯನವು ಆಸ್ಪತ್ರೆಯಲ್ಲಿ ಕಾದು ಕುಳಿತಿರದೆ ಮನೆಗಳಿಗೇ ಹೋಯಿತು. ಅಂಜು ಸಿನ್ಹಾ, ಎಂ. ಕೆ. ಭಾನ್ ಮೊದಲಾದವರು ೧೯೯೯ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ವರ್ಷಕ್ಕೆ ಸಾವಿರ ಮಂದಿಯಲ್ಲಿ ವಿಷಮಶೀತಜ್ವರವು ೧೯ರಿಂದ ೪೦ ವರ್ಷದವರಲ್ಲಿ ೧.೧, ೫ರಿಂದ ೧೯ ವರ್ಷದವರಲ್ಲಿ ೧೧.೭, ಐದು ವರ್ಷದೊಳಗಿನ ಮಕ್ಕಳಲ್ಲಿ ೨೭.೩ ಆಗಿತ್ತು. ವಿರಳವೆಂದು ಎಣಿಸಿದ್ದ ವಯಸ್ಸಿನಲ್ಲಿಯೇ ರೋಗವು ಎಲ್ಲಕ್ಕಿಂತ ಹೆಚ್ಚಾಗಿತ್ತು. ಬೇರೆ ಊರುಗಳಲ್ಲಿ ಪ್ರಮಾಣವು ಬೇರೆಯಾಗಿರಬಹುದಾದರೂ, ಎಣಿಸಿದಲ್ಲಿ ಮಕ್ಕಳು ಕಾಣುತ್ತಾರೆಂಬುದು ಇದರಿಂದ ಸಿದ್ಧವಾಯಿತು. ಆಗ ಬಳಕೆಯಲ್ಲಿದ್ದ ಲಸಿಕೆಗಳಾದರೋ ಈ ಮಕ್ಕಳಿಗೆ ಒದಗುತ್ತಿರಲಿಲ್ಲ. ರೋಗಾಣುವಿನ ಹೊದಿಕೆಯ ಸಕ್ಕರೆಯಿಂದ ಮಾಡಿದ ವಿ–ಐ ಲಸಿಕೆಯು ಎರಡು ವರ್ಷದೊಳಗಿನ ಶಿಶುವಿನ ದೇಹದಲ್ಲಿ ಸಾಕಷ್ಟು ರಕ್ಷಣೆಯನ್ನು ಹುಟ್ಟಿಸದು. ನುಂಗುವ ಲಸಿಕೆಯ ಗುಳಿಗೆಗಳು ಇನ್ನೂ ದೊಡ್ಡ ಮಕ್ಕಳಿಗಾಗಿ ಇದ್ದುವು.

೬

೨೦೧೬ರ ನವೆಂಬರಿನಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಿಂದ ಹೊಸ ಬಗೆಯ ವಿಷಮಶೀತಜ್ವರವು ವರದಿಯಾಗತೊಡಗಿತು. ಅದು ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮೊಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್‌ಗಳಿಗೆ ಮಾತ್ರವಲ್ಲದೆ, ಆ ವರೆಗೆ ಭರವಸೆಯ ಔಷಧವಾಗಿದ್ದ ಸೆಫ್‌ಟ್ರಯಾಕ್ಸೋನ್ ಚುಚ್ಚುಮದ್ದಿಗೂ ಬಗ್ಗಲಿಲ್ಲ. ಬಾಯಿಂದ ಕೊಡುವ ಔಷಧಗಳಲ್ಲಿ ಉಳಿದುದು ಅಜಿತ್ರೊಮೈಸಿನ್ ಒಂದೇ. ಅದರಾಚೆಗೆ ಬೆಲೆಬಾಳುವ ಕಾರ್ಬಪೆನೆಮ್ ಚುಚ್ಚುಮದ್ದುಗಳು. ಬಡ ಕುಟುಂಬದ ಜ್ವರದ ಮಗುವಿಗೆ ದಿನಗಟ್ಟಲೆ ರಕ್ತನಾಳದ ಮೂಲಕ ಔಷಧವನ್ನು ಕೊಡಿಸುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಪತ್ತೆಯಾದ ರೋಗಿಗಳಲ್ಲಿ ಬಹುಪಾಲು ಹದಿನೈದು ವರ್ಷ ಮೀರದವರು. ಐದು ವರ್ಷ ತುಂಬದವರೂ ಅವರಲ್ಲಿ ಬಹಳವಾಗಿದ್ದರು.

೨೦೧೮ರಲ್ಲಿ ಪ್ರಕಟವಾದ ಜೀನ್ ಪರೀಕ್ಷೆಯು ಇದರ ಮೂಲವನ್ನು ತೋರಿಸಿತು. ರೋಗಾಣುವು ಹೆಚ್–೫೮ ವಂಶದ್ದೇ. ಅದು ಹೊಸದಾಗಿ ಪಡೆದಿದ್ದ ಪ್ಲಾಸ್ಮಿಡ್ಡಿನಲ್ಲಿ ಸೆಫ್‌ಟ್ರಯಾಕ್ಸೋನನ್ನು ಒಡೆಯುವ ಕಿಣ್ವದ ಜೀನ್ ಇತ್ತು. ಅಂಥದೇ ಪ್ಲಾಸ್ಮಿಡ್ ಈ ಕೋಲಿಯಲ್ಲಿಯೂ ಕಂಡುಬಂದಿತ್ತು. ಜಪಾನಿನಲ್ಲಿ ೧೯೫೯ರಲ್ಲಿ ಪ್ರಯೋಗಶಾಲೆಯ ಪಾತ್ರೆಯೊಳಗೆ ಕಂಡುದು ಇಲ್ಲಿ ಒಂದು ನಗರದ ಮಟ್ಟದಲ್ಲಿ ನಡೆದಿತ್ತು. ರೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ, ಲತೀಫಾಬಾದ್, ಕಾಸಿಮಾಬಾದ್ ಭಾಗಗಳಲ್ಲಿ ಅವು ಚರಂಡಿಯ ಕೊಳವೆಗಳ ಜಾಡನ್ನೇ ಅನುಸರಿಸಿದ್ದುವು. ನೂರೈವತ್ತು ವರ್ಷಗಳ ಹಿಂದೆ ವಿಲಿಯಂ ಬಡ್ಡನು ಹೇಳಿದುದನ್ನು ಈ ನಕ್ಷೆಯು ಪುನಃ ಹೇಳಿತು.

ಪರಿಹಾರವು ಬಂದುದು ಇನ್ನೊಂದು ಹೈದರಾಬಾದಿನಿಂದ. ವಿ–ಐ ಸಕ್ಕರೆಯನ್ನು ಧನುರ್ವಾಯುವಿನ ನಿರ್ವಿಷಗೊಳಿಸಿದ ಪ್ರೋಟೀನಿಗೆ ಜೋಡಿಸಿದರೆ ಶಿಶುವಿನ ದೇಹವೂ ಅದನ್ನು ಗುರುತಿಸಿ ರಕ್ಷಣೆಯನ್ನು ಬೆಳೆಸಿಕೊಳ್ಳುತ್ತದೆ. ಈ ತತ್ತ್ವದ ಮೇಲೆ ತೆಲಂಗಾಣದ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯು ತಯಾರಿಸಿದ ಸಂಯುಕ್ತ ಲಸಿಕೆಯು, ಆರು ತಿಂಗಳ ಮಗುವಿಗೂ ಕೊಡಬಹುದಾದುದು, ೨೦೧೭ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆಯನ್ನು ಪಡೆಯಿತು. ೨೦೧೮ರಲ್ಲಿ ಸಿಂಧದ ಹೈದರಾಬಾದಿನ ಮಕ್ಕಳಿಗೆ ಅದನ್ನು ಹಾಕಲಾಯಿತು. ೨೦೧೯ರ ನವೆಂಬರಿನಲ್ಲಿ ಪಾಕಿಸ್ತಾನವು ಅದನ್ನು ಸಾಮಾನ್ಯ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಸಿಕೊಂಡ ಮೊದಲ ರಾಷ್ಟ್ರವಾಯಿತು. ನಮ್ಮ ದೇಶದಲ್ಲಿ ನವಿ ಮುಂಬಯಿ ನಗರಪಾಲಿಕೆಯು ೨೦೧೮ರಲ್ಲಿ ಮಕ್ಕಳಿಗೆ ಈ ಲಸಿಕೆಯನ್ನು ಕೊಡಲು ಪ್ರಾರಂಭಿಸಿತು. ನೇಪಾಳ, ಬಾಂಗ್ಲಾದೇಶ, ಮಲಾವಿಗಳಲ್ಲಿ ನಡೆದ ಪರೀಕ್ಷೆಗಳು ಲಸಿಕೆಯಿಂದ ನೂರಕ್ಕೆ ಎಂಬತ್ತರಷ್ಟು ಅಥವಾ ತುಸು ಹೆಚ್ಚು ರಕ್ಷಣೆಯುಂಟೆಂದು ತೋರಿಸಿವೆ.

೭

ಇಷ್ಟರಿಂದ ಏನು ಸಿದ್ಧವಾಗುತ್ತದೆ? ಕ್ಲೋರಾಂಫೆನಿಕಾಲಿನ ಬಳಕೆಯು ಕಡಮೆಯಾದ ಮೇಲೆ ಭಾರತದ ಹಲವೆಡೆ ರೋಗಾಣುವು ಪುನಃ ಅದಕ್ಕೆ ಬಗ್ಗುವಂತಾಗಿದೆ. ಇನ್ನೊಂದು ಕಡೆ ೨೦೧೯ರಲ್ಲಿ ಬಾಂಗ್ಲಾದೇಶದಿಂದ ಅಜಿತ್ರೊಮೈಸಿನ್‌ಗೂ ಬಗ್ಗದ ಮಾದರಿಗಳು ವರದಿಯಾದುವು. ಔಷಧ ಮತ್ತು ರೋಗಾಣುಗಳ ನಡುವೆ ಕೊನೆಯ ತೀರ್ಪು ಎಂಬುದಿಲ್ಲ. ವಾಯಿದೆಗಳು ಮಾತ್ರ ಇವೆ. ಪ್ರತಿ ಔಷಧವೂ ನಮಗೆ ಕೆಲವು ವರ್ಷಗಳ ವಾಯಿದೆಯನ್ನು ತಂದುಕೊಟ್ಟಿತು. ಆ ಅವಧಿಯಲ್ಲಿ ನೀರನ್ನೂ ಚರಂಡಿಯನ್ನೂ ಬೇರ್ಪಡಿಸಿದ ಊರುಗಳು ಉಳಿದುವು; ಬೇರ್ಪಡಿಸದ ಊರುಗಳು ಮುಂದಿನ ಔಷಧಕ್ಕಾಗಿ ಕಾದುವು. ಲಸಿಕೆಯೂ ಇಂಥದೇ ಒಂದು ವಾಯಿದೆಯೆಂದು ತಿಳಿಯುವುದು ವಿವೇಕ. ಅದು ಮಗುವನ್ನು ಕಾಯುತ್ತದೆ; ಮಗು ಕುಡಿಯುವ ನೀರನ್ನು ತಿಳಿಮಾಡುವುದಿಲ್ಲ.

ಇತಿಹಾಸದ ಅಭ್ಯಾಸಿಗೆ ಇಲ್ಲಿ ಇನ್ನೊಂದು ಪಾಠವಿದೆ. ದಂಡಿನ ದಾಖಲೆಯಲ್ಲಿ ಸೈನಿಕನು ಸಿಕ್ಕುತ್ತಾನೆ, ಆಸ್ಪತ್ರೆಯ ದಾಖಲೆಯಲ್ಲಿ ಆಸ್ಪತ್ರೆಗೆ ಬರಬಲ್ಲವನು ಸಿಕ್ಕುತ್ತಾನೆ. ಮನೆಯ ಮೂಲೆಯಲ್ಲಿ ಎರಡು ವಾರ ಜ್ವರದಲ್ಲಿ ಮಲಗಿ, ಹೆಸರಿಲ್ಲದ ಕಾಯಿಲೆಯಿಂದ ಹೋದ ಎರಡು ವರ್ಷದ ಮಗುವು ಯಾವ ದಾಖಲೆಯಲ್ಲಿಯೂ ಇಲ್ಲ. ಕಾಲ್ಕಾಜಿಯಲ್ಲಿ ಮನೆಮನೆಗೆ ಹೋಗಿ ರಕ್ತವನ್ನು ಪರೀಕ್ಷಿಸಿದವರು ಚರಿತ್ರೆಯನ್ನು ಬರೆಯಲು ಹೊರಟವರಲ್ಲ. ಆದರೂ ಒಂದು ಶತಮಾನದ ಲೆಕ್ಕವನ್ನು ತಿದ್ದಿದವರು ಅವರೇ. ದಾಖಲೆಯಲ್ಲಿ ಇಲ್ಲದುದನ್ನೆಲ್ಲ ಇರಲಿಲ್ಲವೆಂದು ನಿರ್ಣಯಿಸುವ ಮೊದಲು, ದಾಖಲೆಯನ್ನು ಬರೆದವನು ಯಾರ ಮನೆಯ ಬಾಗಿಲನ್ನು ತಟ್ಟಿದ್ದನೆಂದು ಕೇಳುವುದು ನಮ್ಮ ಶಾಸ್ತ್ರದ ಮೊದಲ ಕರ್ತವ್ಯ.